ಎಂಜಿನ್ ನಂಬರ್ ಕೇಳುತ್ತೀರಿ, ಎಂಜಿನ್ ಹೇಗಿದೆ ಅಂತ ಯಾಕೆ ಕೇಳುವುದಿಲ್ಲ?

ಮಾನ್ಯ ಸಾರಿಗೆ ಆಯುಕ್ತರಿಗೆ,
ಶಾಂತಿನಗರ, ಬೆಂಗಳೂರು

ಪ್ರತಿ: ಈ ಭಾನುವಾರ ಹಳೇ ಕಾರು ನೋಡಲು ಹೊರಟಿರುವ ಎಲ್ಲರಿಗೂ

ಮಾನ್ಯರೇ,

ಹೋದ ವರ್ಷ ಫೆಬ್ರವರಿಯ ಒಂದು ಶನಿವಾರ. ಹಾಸನದಿಂದ ಹೊರಟು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಧರ್ಮಸ್ಥಳಕ್ಕೆಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ನಾನು, ಹೆಂಡತಿ, ಅಮ್ಮ. ಈ ಹಳೇ ಕಾರು ಕೊಂಡು ಮೂರು ವಾರ ಆಗಿತ್ತಷ್ಟೆ. ಘಾಟಿಯನ್ನು ಎರಡನೇ ಗೇರಿನಲ್ಲೇ, ಆಕ್ಸಿಲರೇಟರ್ ಮುಟ್ಟದೆ ಇಳಿಸಿದೆ. ತಿರುವುಗಳು ಮುಗಿದು ರಸ್ತೆ ನೇರ ಆದ ಕೂಡಲೇ ಕಾಲು ಒತ್ತಿದೆ. ಹಿಂದೆ ಬರುತ್ತಿದ್ದ ಬಸ್ಸು ಕನ್ನಡಿಯಿಂದ ಮಾಯವಾಯಿತು. ಬರೀ ನೀಲಿ ಹೊಗೆ. ಬೈಕಿನಲ್ಲಿದ್ದ ಹುಡುಗನೊಬ್ಬ ಪಕ್ಕಕ್ಕೆ ಬಂದು, ಮೂಗು ಮುಚ್ಚಿಕೊಂಡೇ ಕೂಗಿದ: 'ಸಾರ್, ನಿಮ್ ಗಾಡಿ ಆಯಿಲ್ ಕುಡೀತಾ ಇದೆ!'

ಉಜಿರೆಯಲ್ಲಿ ಒಂದು ಗ್ಯಾರೇಜ್ ಸಿಕ್ಕಿತು. ಮೆಕ್ಯಾನಿಕ್ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದರು. ತುದಿಯಲ್ಲಿ ಒಂದು ಹನಿ. ಕೊಂಡ ದಿನ ಅದೇ ಕಡ್ಡಿ ಮೇಲಿನ ಗೆರೆಯವರೆಗೆ ಮಿನುಗುತ್ತಿತ್ತು, ನಾನೇ ನೋಡಿದ್ದೆ. ಅಲ್ಲಿಂದ ಓಡಿದ್ದು ಬರೀ 860 ಕಿ.ಮೀ. ಅವರು ಆ ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ, ಎಳೆದು ನೋಡಿ, 'ಎಂಥ ಆಯಿಲ್ ಹಾಕಿದ್ದಾರೆ ಮಾರಾಯ್ರೆ, ಬೆಲ್ಲದ ಪಾಕದ ಹಾಗುಂಟು' ಅಂದರು. ಈ ಎಂಜಿನ್‌ಗೆ ಕಂಪನಿ ಹೇಳಿರುವುದು 5ಡಬ್ಲ್ಯು-30. ತೆಳ್ಳಗಿನ ಆಯಿಲ್. ಯಾರೋ ಅದಕ್ಕೆ ದಪ್ಪನೆಯ ಆಯಿಲ್ ತುಂಬಿದ್ದರು. ದಪ್ಪ ಆಯಿಲ್ ಸವೆದ ರಿಂಗಿನ ಸಂದಿಯಲ್ಲಿ ಅಷ್ಟು ಸುಲಭವಾಗಿ ನುಗ್ಗುವುದಿಲ್ಲ. ಹೊಗೆ ಕಡಿಮೆ, ಸದ್ದೂ ಕಡಿಮೆ. ಗಿರಾಕಿ ಬಂದು ಹೋಗುವಷ್ಟು ದಿನಕ್ಕೆ ಸಾಕು.

ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ನಮ್ಮ ಕಾರಿನ ಮಟ್ಟಿಗೆ ಅದು ಅಕ್ಷರಶಃ ನಿಜ.

ಈ ಪತ್ರ ಓದುವ ಎಲ್ಲರಿಗೂ ಎಂಜಿನ್ ಗೊತ್ತಿರಬೇಕಿಲ್ಲ. ಹಾಗಾಗಿ ಎರಡು ಮಾತು. ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಸುತ್ತ ಮೂರು ರಿಂಗುಗಳಿರುತ್ತವೆ. ಎಲ್ಲಕ್ಕಿಂತ ಕೆಳಗಿನದು ಆಯಿಲ್ ರಿಂಗ್. ಸಿಲಿಂಡರ್ ಗೋಡೆಗೆ ಮೆತ್ತಿದ ಆಯಿಲನ್ನು, ದೋಸೆ ಹಿಟ್ಟಿನ ಪಾತ್ರೆ ಬಳಿದ ಹಾಗೆ ಬಳಿದು, ಸಣ್ಣ ಸಣ್ಣ ತೂತುಗಳ ಮೂಲಕ ಕೆಳಕ್ಕೆ ವಾಪಸ್ ಕಳಿಸುವುದು ಅದರ ಕೆಲಸ. ಆಯಿಲ್ ಬದಲಾಯಿಸುವುದನ್ನು ಮುಂದೂಡುತ್ತಾ ಹೋದರೆ ಆ ತೂತುಗಳಲ್ಲಿ ಮಸಿ ಕಟ್ಟುತ್ತದೆ. ರಿಂಗ್ ಜಾಮ್ ಆಗುತ್ತದೆ. ಬಳಿಯಬೇಕಾದ ಆಯಿಲ್ ಮೇಲೆಯೇ ಉಳಿದು ಪೆಟ್ರೋಲ್ ಜೊತೆ ಉರಿಯುತ್ತದೆ. ಇನ್ನೊಂದು ದಾರಿ, ಸಿಲಿಂಡರಿಗೆ ಗಾಳಿ ಬಿಡುವ ವಾಲ್ವುಗಳ ಸೀಲುಗಳದ್ದು. ಆ ರಬ್ಬರ್ ಗಟ್ಟಿಯಾದರೆ ಆಯಿಲ್ ಮೇಲಿನಿಂದ ಒಳಗಿಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟು ಘಾಟಿ ಇಳಿಯುವಾಗ ಎಂಜಿನ್ ಒಳಗೆ ಗಾಳಿ ಸಿಗದೆ ಜೋರಾಗಿ ಹೀರುತ್ತದೆ. ಆಗ ಆಯಿಲ್ ಎರಡೂ ಕಡೆಯಿಂದ ಒಳಗೆ ಬಂದು ಕೂರುತ್ತದೆ. ಮತ್ತೆ ಕಾಲು ಒತ್ತಿದಾಗ ಅದೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಚಾರ್ಮಾಡಿ ಕೆಳಗೆ ನಾನು ಕಂಡಿದ್ದು ಅದನ್ನೇ.

ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಕೆಂಪು ದೀಪ ಇದೆಯಲ್ಲ, ಅದು ಬರಲಿಲ್ವಾ ಅಂತ ತುಂಬಾ ಜನ ಕೇಳಿದರು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಆ ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದೇ ಇಲ್ಲ. ಆಯಿಲ್ ಒತ್ತಡ ಇದೆಯೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತು. ಅದು ಹತ್ತಿಕೊಳ್ಳುವ ಹೊತ್ತಿಗೆ ಬೇರಿಂಗುಗಳಿಗೆ ಏಟು ಬಿದ್ದಿರುತ್ತದೆ. ಆ ಹುಡುಗ ಕೂಗದಿದ್ದರೆ ನಾನು ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಎಂಜಿನ್ ಹಿಡಿಸಿಕೊಂಡು ನಿಂತಿರುತ್ತಿದ್ದೆ.

ಹಾಸನಕ್ಕೆ ಬಂದು ಸರಿಯಾದ ಆಯಿಲ್ ಹಾಕಿಸಿ, ಮೇಲಿನ ಗೆರೆಗೆ ತುಂಬಿಸಿ, ಲೆಕ್ಕಕ್ಕೊಂದು ಪುಸ್ತಕ ಇಟ್ಟೆ. 500 ಕಿ.ಮೀ. ಓಡಿಸಿ ಅಳೆದಾಗ 650 ಮಿ.ಲೀ. ಖಾಲಿ. ಸಾವಿರಕ್ಕೆ ಲೆಕ್ಕ ಹಾಕಿದರೆ 1.3 ಲೀಟರ್. ಎಂಜಿನ್ ಹಿಡಿಯುವುದೇ ಮೂರೂವರೆ ಲೀಟರ್.

ಈಗ ನಿಮ್ಮ ಇಲಾಖೆಗೆ ಸಂಬಂಧಪಟ್ಟ ಮಾತಿಗೆ ಬರುತ್ತೇನೆ.

ಕಾರು ನನ್ನ ಹೆಸರಿಗೆ ಆದಾಗ ಫಾರಂ 29 ತುಂಬಿದೆವು, ಫಾರಂ 30 ತುಂಬಿದೆವು. ಅದರಲ್ಲಿ ಚಾಸಿಸ್ ನಂಬರ್ ಇದೆ, ಎಂಜಿನ್ ನಂಬರ್ ಇದೆ. ಸಾಲ ಬಾಕಿ ಇದೆಯೇ ಅಂತ ನೋಡುತ್ತೀರಿ. ಇನ್ಶೂರೆನ್ಸ್ ಕೇಳುತ್ತೀರಿ, ಎಮಿಷನ್ ಸರ್ಟಿಫಿಕೇಟ್ ಕೇಳುತ್ತೀರಿ. ನನ್ನ ಕಾರಿನ ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲೇ ಇತ್ತು, ಪಾಸ್! ನಿಂತಲ್ಲೇ, ಬಿಸಿಯಾದ ಎಂಜಿನ್ನಿನ ಹೊಗೆ ಕೊಳವೆಗೆ ಒಂದು ನಳಿಕೆ ತೂರಿಸಿ ಮಾಡುವ ಪರೀಕ್ಷೆ ಅದು. ಘಾಟಿ ಇಳಿದ ಮೇಲೆ ಬರುವ ಹೊಗೆ ಅದಕ್ಕೆ ಎಲ್ಲಿಂದ ಕಾಣಬೇಕು? ಇಷ್ಟೆಲ್ಲ ಕಾಗದ ಕೈ ಬದಲಾದರೂ 'ಈ ಎಂಜಿನ್‌ಗೆ ಏನಾದರೂ ತೊಂದರೆ ಇದೆಯೇ' ಎಂಬ ಒಂದು ಸಾಲಿನ ಪ್ರಶ್ನೆಯನ್ನು ಮಾರುವವನಿಗೆ ಯಾರೂ ಕೇಳಲಿಲ್ಲ.

ನಾನು ಕೇಳಿರಲಿಲ್ವಾ? ಕೇಳಿದ್ದೆ. 'ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ ಗಾಡಿ, ಕಂಡೀಷನ್ ಟಾಪ್' ಅಂದರು ಹಳೇ ಕಾರು ಮಾರುವ ಯಾರ್ಡಿನವರು. ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಆಸ್ಪತ್ರೆಗೆ ಹೋಗುವವರು ಯಾರೋ. ಅದಿರಲಿ. ಒಬ್ಬ ಮೆಕ್ಯಾನಿಕ್ಕನ್ನೂ ಕರೆದೊಯ್ದಿದ್ದೆ. ನಾವು ಹೋದಾಗ ಎಂಜಿನ್ ಆಗಲೇ ಬಿಸಿ ಇತ್ತು. 'ಈಗಷ್ಟೇ ತೊಳೆಸಿಕೊಂಡು ಬಂದ್ವಿ' ಅಂದರು. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಬರುವ ಹೊಗೆ ನಮಗೆ ತಪ್ಪಿಹೋಗಿತ್ತು. ಬಾನೆಟ್ ಒಳಗೆ ಎಲ್ಲ ಫಳಫಳ. ಆಯಿಲ್ ಸೋರಿದ ಗುರುತೂ ತೊಳೆದುಹೋಗಿತ್ತು. ನಮ್ಮ ಮೆಕ್ಯಾನಿಕ್ ಕಂಪ್ರೆಶನ್ ಕೂಡ, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಬರುತ್ತದೆ ಅಂತ, ನೋಡಿದರು. ಸರಿಯಾಗೇ ಇತ್ತು. ಆಮೇಲೆ ತಿಳಿದದ್ದು ಏನೆಂದರೆ, ಗೋಡೆಗೆ ಮೆತ್ತಿಕೊಂಡ ಆಯಿಲ್ಲೇ ಸಂದಿ ಮುಚ್ಚಿ ಕಂಪ್ರೆಶನ್ ಚೆನ್ನಾಗಿ ತೋರಿಸುತ್ತದಂತೆ. ಕಾಯಿಲೆಯೇ ಪರೀಕ್ಷೆಯಲ್ಲಿ ಪಾಸ್ ಮಾಡಿಸಿತು.

ಆಯಿಲ್ ಕುಡಿಯುವ ಎಂಜಿನ್ನಿನ ಕಷ್ಟವೇ ಇದು. ಬ್ರೇಕ್ ಕೆಟ್ಟಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕ್ಲಚ್ ಜಾರುತ್ತಿದ್ದರೆ ಒಂದು ಏರು ಹತ್ತಿಸಿದರೆ ಸಾಕು. ಇದನ್ನು ತಿಳಿಯಲು ಮೇಲಿನ ಗೆರೆಗೆ ತುಂಬಿಸಿ, 500 ಕಿ.ಮೀ.ಯಾದರೂ ಓಡಿಸಿ, ಅದೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಅಳೆಯಬೇಕು. ಯಾವ ಮಾರುವವನು ನಮಗೆ ಕಾರು ಕೊಟ್ಟು 500 ಕಿ.ಮೀ. ಓಡಿಸಿ ನೋಡಿ ಅನ್ನುತ್ತಾನೆ? ಅಂದರೆ ಈ ವಿಷಯ ಗೊತ್ತಿರುವುದು ಕಾರನ್ನು ದಿನಾ ಓಡಿಸಿದವನಿಗೆ ಮಾತ್ರ.

ಹಿಂದಿನ ಓನರ್‌ಗೆ ಗೊತ್ತಿತ್ತು. ಊಹೆಯಿಂದ ಹೇಳುತ್ತಿಲ್ಲ. ಕಾರು ಸರ್ವಿಸ್ ಆಗುತ್ತಿದ್ದ ಕಡೆ ಹೋಗಿ ವಿಚಾರಿಸಿದೆ. ಅಲ್ಲಿನ ಹುಡುಗ ನಂಬರ್ ಹಾಕಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ಎರಡು ಸರ್ವಿಸ್ ತಪ್ಪಿಸಿದ್ದರು. ನನಗೆ ಮಾರುವ ಆರು ತಿಂಗಳ ಮುಂಚಿನ ಜಾಬ್ ಕಾರ್ಡಿನಲ್ಲಿ ಗಿರಾಕಿಯ ದೂರು: ಆಯಿಲ್ ಲೆವೆಲ್ ಕಡಿಮೆಯಾಗುತ್ತಿದೆ. ಸಲಹೆ: ಎಂಜಿನ್ ಬಿಚ್ಚಬೇಕು. ಗಿರಾಕಿಯ ಒಪ್ಪಿಗೆ: ಇಲ್ಲ. ಒಂದು ಪ್ರಿಂಟ್ ಕೊಡಪ್ಪ ಅಂದೆ. 'ಅದು ಹಿಂದಿನ ಓನರ್ ಡೇಟಾ ಸಾರ್, ಕೊಡಕ್ಕಾಗಲ್ಲ' ಅಂದ. ಅವನ ತಪ್ಪಲ್ಲ. ಆದರೆ ಕಾರು ನನ್ನದು, ಕಾಯಿಲೆ ನನ್ನದು, ಕಾಯಿಲೆಯ ಚೀಟಿ ಮಾತ್ರ ಇನ್ನೊಬ್ಬರದು!

ಬ್ರಿಟನ್ನಿನಲ್ಲಿರುವ ನನ್ನ ತಂಗಿಯ ಗಂಡನಿಗೆ ಇದನ್ನು ಹೇಳಿದರೆ ನಕ್ಕ. ಅಲ್ಲಿ ಸರ್ಕಾರದ ವೆಬ್‌ಸೈಟಿನಲ್ಲಿ ಯಾವುದೇ ಕಾರಿನ ನಂಬರ್ ಹಾಕಿದರೆ, ಪ್ರತಿ ವಾರ್ಷಿಕ ತಪಾಸಣೆಯಲ್ಲಿ ಮೀಟರ್ ಎಷ್ಟಿತ್ತು, ಯಾವುದರಲ್ಲಿ ಫೇಲ್ ಆಯಿತು, ಏನು ಎಚ್ಚರಿಕೆ ಕೊಟ್ಟಿದ್ದರು, ಎಲ್ಲ ಬರುತ್ತದೆ. ಒಂದು ಪೈಸೆ ಖರ್ಚಿಲ್ಲ. ಅಮೆರಿಕದಲ್ಲಿ 1985ರಿಂದಲೇ ಹಳೇ ಕಾರಿನ ಡೀಲರುಗಳು ಗ್ಯಾರಂಟಿ ಇದೆಯೋ ಇಲ್ಲವೋ ಎಂಬ ಚೀಟಿಯನ್ನು ಕಾರಿನಲ್ಲೇ ಎದ್ದು ಕಾಣುವಂತೆ ಹಾಕಬೇಕು. ನಮ್ಮಲ್ಲಿ ಗಾಜಿಗೆ ಅಂಟಿಸುವುದು ಬೆಲೆ ಮತ್ತು ಫೋನ್ ನಂಬರ್.

ದೂರು ಹೇಳಲು ಯಾರ್ಡಿಗೆ ಹೋದಾಗ ಸಿಕ್ಕ ಉತ್ತರ ಕೇಳಿ. 'ನಾವು ಬರೀ ಪಾರ್ಕ್ ಅಂಡ್ ಸೇಲ್ ಸಾರ್. ಗಾಡಿ ನಮ್ದಲ್ಲ, ನಾವು ಮಧ್ಯದಲ್ಲಿ ಇರೋರು.' ಓನರ್‌ಗೆ ಫೋನ್ ಮಾಡಿದರೆ, 'ನಾನು ಯಾರ್ಡಿನವರಿಗೆ ಎಲ್ಲಾ ಹೇಳಿದ್ದೆ.' ಇಬ್ಬರ ಮಧ್ಯೆ ನಾನು. ಡೆಲಿವರಿ ದಿನ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ವಾಹನವನ್ನು ಇದ್ದ ಸ್ಥಿತಿಯಲ್ಲಿ ಒಪ್ಪಿ ಪಡೆದಿದ್ದೇನೆ. ಇದ್ದ ಸ್ಥಿತಿ ಏನು ಅಂತ ಹೇಳಿದ್ದರೆ ತಾನೆ ಒಪ್ಪುವುದು?

ಈ 'ನಾವು ಮಧ್ಯದವರು' ಎಂಬ ಮಾತನ್ನು ನಿಲ್ಲಿಸಲು ಒಂದು ನಿಯಮ ಆಗಲೇ ಇದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿ. ಹಳೇ ವಾಹನ ಮಾರುವ ಡೀಲರ್ ನಿಮ್ಮ ಇಲಾಖೆಯಿಂದ ಅಧಿಕೃತ ಪತ್ರ ಪಡೆಯಬೇಕು. ಗಾಡಿ ತನ್ನ ಕೈಗೆ ಬಂದಾಗ ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಮಾರುವವರೆಗೆ ಅವನೇ ಓನರ್ ಎಂದು ಲೆಕ್ಕ. ಟೆಸ್ಟ್ ಡ್ರೈವಿಗೆ ಒಯ್ದರೂ ಯಾರು ಓಡಿಸಿದರು, ಯಾಕೆ, ಎಷ್ಟು ಕಿ.ಮೀ. ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಒಳ್ಳೇ ನಿಯಮ. ನಾನು ಆ ಯಾರ್ಡಿನಲ್ಲಿ ಅಂಥ ಪತ್ರವನ್ನೂ ಕಾಣಲಿಲ್ಲ, ರಿಜಿಸ್ಟರನ್ನೂ ಕಾಣಲಿಲ್ಲ. ಬೆಂಗಳೂರಿನ ಹೊರವಲಯದ ರಸ್ತೆಗಳಲ್ಲಿ ಒಮ್ಮೆ ನೀವೇ ಸುಮ್ನೆ ಗಿರಾಕಿ ಹಾಗೆ ಹೋಗಿ, ಪತ್ರ ತೋರಿಸಿ ಅಂತ ಕೇಳಿ ನೋಡಿ. ತೆರಿಗೆ ಮಾತ್ರ ತಪ್ಪಿಲ್ಲ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಹಳೇ ವಾಹನ ಮಾರಿ ವ್ಯಾಪಾರಿಗೆ ಉಳಿಯುವ ಲಾಭದ ಮೇಲೆ ಒಂದೇ ದರ, 18% ಅಂತ ತೀರ್ಮಾನಿಸಿತು. ಲಾಭದಲ್ಲಿ ಪಾಲು ಇದೆ ಅಂದಮೇಲೆ ಗಿರಾಕಿಯ ಕಡೆಗೂ ಒಂದು ಕಣ್ಣಿರಬೇಕು.

ವಕೀಲರಾದ ಸ್ನೇಹಿತರೊಬ್ಬರ ಹತ್ತಿರ ಹೋದೆ. ಅವರು ಕೇಸಿಗಿಂತ ಮೊದಲು ಒಂದು ಕುದುರೆಯ ಕಥೆ ಹೇಳಿದರು. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಮೋಸ ಅಂದರೆ ಏನು ಅಂತ ಬರೆದಿದೆ. ಅದಕ್ಕೆ ಉದಾಹರಣೆಗಳಿವೆ. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಅದಕ್ಕೆ ಕಾಯಿಲೆ ಇದೆ ಅಂತ ಅವನಿಗೆ ಗೊತ್ತು. ಏನೂ ಹೇಳುವುದಿಲ್ಲ. ಕಾಯ್ದೆ ಪ್ರಕಾರ ಇದು ಮೋಸ ಅಲ್ಲ. ಸುಮ್ಮನಿದ್ದದ್ದು ತಪ್ಪಲ್ಲ. ಅದೇ ಕಲಮಿನಲ್ಲಿ ಇನ್ನೊಂದು ಉದಾಹರಣೆ. ಕೊಳ್ಳುವವನು, 'ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ' ಅನ್ನುತ್ತಾನೆ. ಮಾರುವವನು ಸುಮ್ಮನಿರುತ್ತಾನೆ. ಈಗ ಅವನ ಮೌನ ಮಾತಿಗೆ ಸಮ.

ನನಗೆ ತಾತ ನೆನಪಾದರು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋಗುತ್ತಿದ್ದವರು. ಹಲ್ಲು ನೋಡುವುದು, ಸುಳಿ ನೋಡುವುದು, ಗಾಡಿಗೆ ಕಟ್ಟಿ ಹತ್ತು ಹೆಜ್ಜೆ ಎಳೆಸುವುದು, ಇಷ್ಟೆಲ್ಲ ಆದ ಮೇಲೂ ಟವೆಲ್ ಕೆಳಗೆ ಬೆರಳು ಹಿಡಿಯುವ ಮುಂಚೆ ನಾಲ್ಕು ಜನರ ಎದುರು ಕೇಳುತ್ತಿದ್ದರಂತೆ: 'ಹಾಯುತ್ತಾ? ಒದೆಯುತ್ತಾ? ನೊಗಕ್ಕೆ ಮಲಗುತ್ತಾ? ಈಗಲೇ ಹೇಳಿಬಿಡು.' ಅವರು 17ನೇ ಕಲಮು ಓದಿದವರಲ್ಲ. ಆದರೆ ಬಾಯಿ ಬಿಡಿಸದೆ ದುಡ್ಡು ಬಿಚ್ಚುತ್ತಿರಲಿಲ್ಲ.

ನಾನು ನಿಮ್ಮನ್ನು ಕೇಳುವುದು ಇಷ್ಟೇ. ಮಾರುವವನ ಬಾಯಿ ಬಿಡಿಸಿ. ಫಾರಂ 29ರ ಜೊತೆಗೆ ಒಂದು ಹಾಳೆ ಸೇರಲಿ. ಎಂಜಿನ್ ಆಯಿಲ್ ಕಡಿಮೆಯಾಗುತ್ತದೆಯೇ, ಆದರೆ ಸುಮಾರು ಎಷ್ಟು? ಎಂಜಿನ್ ಯಾವಾಗಲಾದರೂ ಬಿಚ್ಚಿದೆಯೇ? ಪ್ರವಾಹದ ನೀರಿನಲ್ಲಿ ಮುಳುಗಿತ್ತೇ? ಗ್ಯಾರೇಜಿನವರು ಹೇಳಿಯೂ ಮಾಡಿಸದೆ ಬಿಟ್ಟ ಕೆಲಸ ಯಾವುದು? ಮೀಟರ್ ಬದಲಾಗಿದೆಯೇ? ಕೆಳಗೆ ಸಹಿ. ನೀರಿನ ಪ್ರಶ್ನೆ ಯಾಕೆಂದರೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಸಿಲಿಂಡರಿಗೆ ನೀರು ನುಗ್ಗಿದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ವಲ್ಪವೇ ಬಾಗಿದ್ದರೆ ಎಂಜಿನ್ ಆಮೇಲೂ ಓಡುತ್ತದೆ. ಅಂಥ ಗಾಡಿ ಈಗ ಯಾರ ಮನೆ ಮುಂದೆ ನಿಂತಿದೆಯೋ.

ಫಾರಂ ಬದಲಾಯಿಸುವುದು ದೆಹಲಿಯ ಕೆಲಸ ಅಂತ ನನಗೂ ಗೊತ್ತು. ನೀವು ಅಲ್ಲಿಗೆ ಬರೆಯಿರಿ. ಆದರೆ ಡೀಲರುಗಳಿಗೆ ಅಧಿಕೃತ ಪತ್ರ ಕೊಡುವುದು ಇಲ್ಲಿಯ ಆರ್‌ಟಿಒ ಕಚೇರಿಗಳೇ. ಪತ್ರ ಇಲ್ಲದ ಯಾರ್ಡನ್ನು ಕೇಳುವುದಕ್ಕೆ, ಪತ್ರದ ನಂಬರನ್ನು ಬೋರ್ಡಿನಲ್ಲಿ ಬರೆಸುವುದಕ್ಕೆ, 'ಪಾರ್ಕ್ ಅಂಡ್ ಸೇಲ್' ಎಂಬ ಪರದೆ ಸರಿಸುವುದಕ್ಕೆ ದೆಹಲಿಗೆ ಕಾಯಬೇಕಿಲ್ಲ ಅಲ್ವಾ?

ಎಲ್ಲ ತಪ್ಪನ್ನೂ ಹಳೇ ಓನರುಗಳ ತಲೆಗೆ ಕಟ್ಟುವುದೂ ನ್ಯಾಯ ಅಲ್ಲ. ಕೆಲವು ಎಂಜಿನ್ನುಗಳು ಹುಟ್ಟುತ್ತಲೇ ಆಯಿಲ್ ಕುಡಿಯುತ್ತವೆ. ಟೊಯೋಟಾದಂಥ ಟೊಯೋಟಾ ಕಂಪನಿಯೇ 2015ರಲ್ಲಿ ಅಮೆರಿಕದಲ್ಲಿ ಕೆಲವು ವರ್ಷಗಳ 2.4 ಲೀಟರ್ ಕ್ಯಾಮ್ರಿಗಳಿಗೆ, ಅಳೆದು ನೋಡಿ ಜಾಸ್ತಿ ಆಯಿಲ್ ಹೋಗುತ್ತಿದ್ದರೆ, ಪಿಸ್ಟನ್ ಮತ್ತು ರಿಂಗ್ ಬಿಟ್ಟಿ ಹಾಕಿಕೊಡುವ ವ್ಯವಸ್ಥೆ ಮಾಡಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಗೆ ಬಂದ 2019ರ ತಿದ್ದುಪಡಿಯ 110ಎ ಕಲಮಿನಲ್ಲಿ ರೀಕಾಲ್, ಅಂದರೆ ದೋಷ ಇರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸುವ ಅವಕಾಶ ಬಂದಿದೆ, ಪರಿಸರಕ್ಕೆ ಹಾನಿ ಮಾಡುವ ದೋಷಕ್ಕೂ ಅದು ಅನ್ವಯ. ಉರಿದ ಆಯಿಲ್, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಹಾಳು ಮಾಡುತ್ತದೆ, ಅದಕ್ಕಿಂತ ಪರಿಸರ ಹಾನಿ ಏನು ಬೇಕು? ಆದರೆ ನಿಯಮ ಇರುವುದು ಏಳು ವರ್ಷದೊಳಗಿನ ವಾಹನಕ್ಕೆ. ಆಯಿಲ್ ಕುಡಿಯುವ ಚಟ ಜೋರಾಗುವುದು ಸಾಮಾನ್ಯವಾಗಿ ಆ ವಯಸ್ಸಿಗೇ. ಇನ್ನು ಕೆಲವು ಜರ್ಮನ್ ಕಾರುಗಳ ಪುಸ್ತಕದಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಹೋದರೂ ಸರಿ ಅಂತ ಮುದ್ರಿಸಿಯೇ ಬಿಟ್ಟಿದ್ದಾರೆ.

ನಮ್ಮ ಊರುಗಳ ಟ್ರಾಫಿಕ್ಕೂ ಸೇರುತ್ತದೆ. 10,000 ಕಿ.ಮೀ.ಗೆ ಒಮ್ಮೆ ಆಯಿಲ್ ಅನ್ನುತ್ತಾರೆ. ಹೈವೇಯಲ್ಲಿ 60ರ ವೇಗದಲ್ಲಿ ಅದು 170 ಗಂಟೆಯೊಳಗೆ ಮುಗಿಯುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ 15ರಲ್ಲಿ ತೆವಳಿದರೆ ಅದೇ ಆಯಿಲ್ 660 ಗಂಟೆಗಿಂತ ಜಾಸ್ತಿ ಬೇಯುತ್ತದೆ. ಮೀಟರ್ ಎರಡನ್ನೂ ಒಂದೇ ಅಂತ ತೋರಿಸುತ್ತದೆ. ಕಡಿಮೆ ಓಡಿದ ಬೆಂಗಳೂರು ಗಾಡಿ ಅಂತ ಹಿಗ್ಗಿ ಕೊಳ್ಳುವವರು ಇದನ್ನೊಮ್ಮೆ ಯೋಚಿಸಿ.

ಪ್ರತಿ ಪಡೆದವರಿಗೆ, ಅಂದರೆ ಭಾನುವಾರ ಹೊರಟವರಿಗೆ, ಒಂದು ಮಾತು. ಇಲಾಖೆಯ ಹಾಳೆ ಬರುವವರೆಗೆ ತಾತನ ಪ್ರಶ್ನೆಯನ್ನು ವಾಟ್ಸಾಪಿನಲ್ಲಿ ಕೇಳಿ. 'ಈ ಕಾರು ಆಯಿಲ್ ಕುಡಿಯುವುದಿಲ್ಲ, ಎಂಜಿನ್ ಬಿಚ್ಚಿಲ್ಲ, ನೀರಿನಲ್ಲಿ ಮುಳುಗಿಲ್ಲ. ನೀವು ಇಲ್ಲ ಅನ್ನದಿದ್ದರೆ ಹಾಗೇ ಅಂತ ತಿಳಿದು ದುಡ್ಡು ಕೊಡುತ್ತಿದ್ದೇನೆ.' ಇಷ್ಟು ಬರೆದು ಕಳಿಸಿ, ನೀಲಿ ಗೆರೆ ಬಂದದ್ದನ್ನು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೆಳಿಗ್ಗೆ ಹೇಳದೆ ಹೋಗಿ, ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯೇ ನೋಡಿ. ಇಳಿಜಾರಿನಲ್ಲಿ ಕಾಲು ಬಿಟ್ಟು ಇಳಿಸಿ, ಮತ್ತೆ ಒತ್ತಿ, ಕನ್ನಡಿ ನೋಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಒದ್ದೆ ಇದೆಯಾ ನೋಡಿ. ಕಾಯ್ದೆ ನೀವೂ ಸಾಮಾನ್ಯ ಎಚ್ಚರ ವಹಿಸಿದ್ದಿರಾ ಅಂತ ಕೇಳುತ್ತದೆ. ಡೀಲರ್ ಮೋಸ ಮಾಡಿದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನಾನು ಹೋಗಲಿಲ್ಲ. ಬರಹದಲ್ಲಿ ಏನೂ ಇಟ್ಟುಕೊಂಡಿರಲಿಲ್ಲ, ಪ್ರಿಂಟೂ ಸಿಗಲಿಲ್ಲ, ಜೊತೆಗೆ ಕಾರು ದಿನಾ ಬೇಕಿತ್ತು. 3,90,000 ಕೊಟ್ಟ ಕಾರಿಗೆ ಇನ್ನೂ 68,000 ಸುರಿದು ರಿಂಗ್, ವಾಲ್ವ್ ಸೀಲ್ ಎಲ್ಲ ಹಾಕಿಸಿದೆ. ಮೆಕ್ಯಾನಿಕ್ ಹಳೇ ಪಿಸ್ಟನ್ ಕೈಗೆ ಕೊಟ್ಟರು. ಆಯಿಲ್ ರಿಂಗಿನ ತೂತುಗಳಲ್ಲಿ ಒಂದೂ ತೆರೆದಿರಲಿಲ್ಲ.

ಈಗ ಮನೆಗೆ ಮಗು ಬಂದಿದೆ, ಸ್ವಲ್ಪ ದೊಡ್ಡ ಕಾರು ಬೇಕು, ಇದನ್ನು ಮಾರಬೇಕು. ಬ್ರೋಕರ್ ಒಬ್ಬರು ಬಂದು ನೋಡಿ, ಓಡಿಸಿ, ಪಿಕಪ್ ಚೆನ್ನಾಗಿದೆ ಅಂದರು. ಆಮೇಲೆ ದನಿ ಇಳಿಸಿ ಹೇಳಿದರು: 'ರಿಂಗ್ ಕೆಲಸ ಮಾಡಿಸಿದ್ದು ಹೇಳ್ಬೇಡಿ ಸಾರ್. ಎಂಜಿನ್ ಬಿಚ್ಚಿದ ಗಾಡಿ ಅಂದ್ರೆ 40 ಸಾವಿರ ಕಡಿಮೆ ಕೇಳ್ತಾರೆ.' ಆ ರಾತ್ರಿ ನಿಜಕ್ಕೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. 40 ಸಾವಿರ ಸಣ್ಣ ದುಡ್ಡಲ್ಲ.

ಬೆಳಿಗ್ಗೆ ಮೇಲೆ ಹೇಳಿದ ಹಾಳೆಯನ್ನು ನಾನೇ ಬರೆದೆ. ಹತ್ತು ನಿಮಿಷ ಹಿಡಿಯಿತು. ಎಂಜಿನ್ ಬಿಚ್ಚಿದೆಯೇ: ಹೌದು, ಹೋದ ಏಪ್ರಿಲ್. ಯಾಕೆ: ಸಾವಿರ ಕಿ.ಮೀ.ಗೆ 1.3 ಲೀಟರ್ ಆಯಿಲ್ ಹೋಗುತ್ತಿತ್ತು. ಈಗ ಎಷ್ಟು: ಸಾವಿರಕ್ಕೆ 100 ಮಿ.ಲೀ.ಗಿಂತ ಕಡಿಮೆ. ನೀರಿನಲ್ಲಿ ಮುಳುಗಿದೆಯೇ: ನನ್ನ ಕಾಲದಲ್ಲಿ ಇಲ್ಲ. ಬಿಟ್ಟ ಕೆಲಸ: ಹಿಂದಿನ ಎಡ ಶಾಕ್ ಅಬ್ಸಾರ್ಬರ್. ಸಹಿ ಹಾಕಿದ ಪ್ರತಿಯನ್ನು ಈ ಪತ್ರದ ಜೊತೆ ನಿಮಗೂ ಕಳಿಸುತ್ತಿದ್ದೇನೆ.

ಅದನ್ನು ಓದಿ ಇಬ್ಬರು ವಾಪಸ್ ಹೋದರು. ಮೂರನೆಯವರು ಫೋಟೋ ತೆಗೆದುಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ. ಇನ್ನೂ ಫೋನ್ ಬಂದಿಲ್ಲ.

ಇಂತಿ,
ಹಾಸನದ ಒಬ್ಬ ಕಾರು ಮಾಲೀಕ